ದಿನನಿತ್ಯದ ಸಾಕ್ಷಿ: ನಾನು ಪಾಲಿಸುವ ಕ್ರಮ

ಸುವಾರ್ತೆ, ಅಂದರೆ ಯೇಸುವಿನ ವಿಷಯ ಸಾರುವುದು, ಅಂದ ಕೂಡಲೇ ನಮ್ಮ ಕ್ರೈಸ್ತ ಸಭೆಗಳಲ್ಲಿ ಎಲ್ಲರ ಕಣ್ಣು ಅಯ್ಯನವರ (ಪಾಸ್ಟರರ) ಕಡೆ ತಿರುಗುತ್ತದೆ. ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೆಯ ಅಧ್ಯಾಯ ಬೇರೆಯೇ ಹೇಳುತ್ತದೆ. ನಂಬಿಕೆಗಾಗಿ ಕಲ್ಲೆಸೆತಕ್ಕೆ ಬಲಿಯಾದ ಸ್ತೆಫನನ ಸಾವಿನ ನಂತರ ಹಿಂಸೆ ಎದ್ದಾಗ ಅಪೊಸ್ತಲರು, ಅಂದರೆ ಯೇಸು ಆರಿಸಿಕೊಂಡ ಶಿಷ್ಯರು, ಯೆರೂಸಲೇಮಿನಲ್ಲೇ ಉಳಿದರು. ಚದರಿಹೋಗಿ, ಹೋದಲ್ಲೆಲ್ಲಾ ವಾಕ್ಯ ಸಾರಿದವರು ಉಳಿದ ವಿಶ್ವಾಸಿಗಳು. ಅಂತಿಯೋಕ್ಯದಲ್ಲಿ ಗ್ರೀಕರಿಗೆ ಯೇಸುವಿನ ವಿಷಯ ಹೇಳಿದ ಕುಪ್ರ, ಕುರೇನೆ ಊರುಗಳವರ ಹೆಸರನ್ನೂ ಆ ಪುಸ್ತಕ ಬರೆದ ಲೂಕ ಬರೆದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದದ್ದು ನಮಗೆಲ್ಲ ಗೊತ್ತು. ಮನೆಮನೆಗೆ ಹೋಗಿ ಕೂತು ಮಾತಾಡಿದ ಉಪದೇಶಿಗಳ, ಬೈಬಲ್ ಸ್ತ್ರೀಯರ ಹೆಸರು ಮಾತ್ರ ಎಷ್ಟು ಜನಕ್ಕೆ ಗೊತ್ತಿದೆ? ನಾನೂ ನೌಕರಿ ಮಾಡಿಕೊಂಡಿರುವ ಸಾಮಾನ್ಯ ಸಭಿಕ. ದಿನದ ಕೆಲಸದ ನಡುವೆ ಯೇಸುವಿನ ವಿಷಯವನ್ನು ಸುತ್ತಲಿನವರಿಗೆ ಹೇಗೆ ಹೇಳುತ್ತೇನೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಹೆಸರುಗಳು. ಸತ್ಯವೇದದೊಳಗೆ ಒಂದು ಚೀಟಿ ಇಟ್ಟುಕೊಳ್ಳಿ, ಅದರಲ್ಲಿ ಐದೇ ಹೆಸರು ಬರೆಯಿರಿ: ಪಕ್ಕದ ಮನೆಯವರು, ಆಫೀಸಿನಲ್ಲಿ ಜೊತೆಗೆ ಊಟಕ್ಕೆ ಕೂರುವವರು, ದಿನಾ ಹಾಲು ತರುವ ಅಂಗಡಿಯವರು, ಹೀಗೆ ವಾರಕ್ಕೊಮ್ಮೆಯಾದರೂ ಮುಖ ಕಾಣುವವರು. ಇಪ್ಪತ್ತು ಬರೆದರೆ ಪ್ರಾರ್ಥನೆ ಹಾಜರಿ ಕೂಗಿದಂತೆ ಆಗುತ್ತದೆ. ಪ್ರತಿ ಹೆಸರಿನ ಮುಂದೆ ಅವರ ಒಂದು ನಿಜವಾದ ಕಷ್ಟ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಅವರ ಪರಿಚಯ ನಮಗೆ ಇನ್ನೂ ಆಗಿಲ್ಲ ಎಂದರ್ಥ. ಆ ವಾರ ಅವರ ಮಾತು ಕೇಳುವುದೇ ಕೆಲಸ.

ಎರಡನೆಯದು ಸಾಕ್ಷಿ. ನೋಟ್‌ಬುಕ್ಕಿನ ಒಂದು ಪುಟ, ಮಾತಾಡಿದರೆ ಮೂರು ನಿಮಿಷ, ಅದಕ್ಕಿಂತ ಉದ್ದ ಬೇಡ. ಬದುಕು ಹೇಗಿತ್ತು, ಯೇಸು ಸ್ವಾಮಿ ಏನು ಮಾಡಿದರು, ಈಗ ಏನು ಬದಲಾಗಿದೆ. ಮೊದಲ ಭಾಗದಲ್ಲೇ ಎರಡೂವರೆ ನಿಮಿಷ ಕಳೆಯುವವರು ಬಹಳ. ಕುಡಿತದ, ಜಗಳದ ವರ್ಣನೆಯಲ್ಲಿ ಯೇಸುವೇ ಕಾಣದೆ ಹೋಗುತ್ತಾರೆ. ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವರು “ನಮಗೆ ಹೇಳೋಕೆ ಏನಿದೆ” ಅನ್ನುತ್ತಾರೆ. ಅವರು ಇದೇ ತಿಂಗಳ ಒಂದು ಸಂಗತಿ ಹೇಳಲಿ: ಮಾತು ಬಿಟ್ಟಿದ್ದ ಅಣ್ಣನಿಗೆ ತಾವಾಗಿ ಫೋನ್ ಮಾಡಿದ್ದು, ಬಾರದೆ ಹೋದ ಬಡ್ತಿಯನ್ನು ನಿದ್ದೆ ಕೆಡದೆ ಒಪ್ಪಿಕೊಂಡದ್ದು. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಪ್ರಸಂಗದ ಧಾಟಿ ಬಂದ ಸಾಲುಗಳನ್ನು ಹೊಡೆದುಹಾಕಿ. ಮನೆಯಲ್ಲಿ ಆಡುವ ಮಾತಿನಲ್ಲೇ ಇರಲಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕಷ್ಟದಲ್ಲಿರುವವರ ಜೊತೆಗೆ ಅಲ್ಲೇ ಪ್ರಾರ್ಥಿಸುವುದು. “ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ” ಎಂದು ಹೇಳಿ ಹೋಗುವುದು ಸುಲಭ. ಅದರ ಬದಲು, “ನಾನು ಯೇಸು ಸ್ವಾಮಿಯನ್ನ ನಂಬೋನು. ನಿಮ್ಮ ಅಭ್ಯಂತರ ಇಲ್ಲದಿದ್ರೆ ಇಲ್ಲೇ ಒಂದು ನಿಮಿಷ ಪ್ರಾರ್ಥನೆ ಮಾಡ್ಲಾ?” ಎಂದು ಕೇಳಿ. ಬೇಡ ಅಂದರೆ “ಆಯ್ತು, ಪರವಾಗಿಲ್ಲ” ಎಂದು ಊಟ ಆಯಿತಾ, ಔಷಧಿ ತಂದಿರಾ ಎಂದು ಮಾತು ಮುಂದುವರಿಸಿ. ಮುಖ ಸಣ್ಣ ಮಾಡಿಕೊಳ್ಳಬಾರದು. ಹೂಂ ಅಂದರೆ ಇಷ್ಟೇ ಸಾಕು: “ಕರ್ತನೇ, ಈ ಅಮ್ಮನವರ ಆಪರೇಷನ್ ನಾಳೆ ಬೆಳಿಗ್ಗೆ ಇದೆ. ಅವರಿಗೆ ಭಯ ಇದೆ, ನೀವು ಬಲ್ಲಿರಿ. ಡಾಕ್ಟರ ಕೈಗೆ ಜಾಣ್ಮೆ ಕೊಡಿ, ಈ ರಾತ್ರಿ ಇವರಿಗೆ ನಿದ್ದೆ ಕೊಡಿ. ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ, ಆಮೆನ್.” ಕಣ್ಣು ಮುಚ್ಚಿ ಎಂದು ಅವರನ್ನು ಒತ್ತಾಯಿಸುವುದಿಲ್ಲ, ತಲೆಯ ಮೇಲೆ ಕೈ ಇಡುವುದಿಲ್ಲ, ಎಣ್ಣೆ ಹಚ್ಚುವುದಿಲ್ಲ. ದನಿ ಪಕ್ಕದ ಹಾಸಿಗೆಗೆ ಕೇಳಬಾರದು. ಆಸ್ಪತ್ರೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. “ಖಂಡಿತ ವಾಸಿಯಾಗುತ್ತದೆ” ಎಂಬ ಮಾತು ಕೊಡಲು ನಮಗೆ ಅಧಿಕಾರವಿಲ್ಲ, ಮಾತ್ರೆ ನಿಲ್ಲಿಸಿ ಎನ್ನುವುದಂತೂ ಅಪರಾಧವೇ. ಮೂರು ದಿನ ಬಿಟ್ಟು “ಈಗ ಹೇಗಿದ್ದಾರೆ?” ಎಂದು ವಿಚಾರಿಸಲೇಬೇಕು. ಬಹಳ ಜನ ಇದನ್ನೇ ಮರೆಯುತ್ತಾರೆ. ಪ್ರಾರ್ಥನೆ ನಿಜವಾಗಿತ್ತು ಎಂದು ಅವರಿಗೆ ತಿಳಿಯುವುದು ಆ ಪ್ರಶ್ನೆಯಿಂದಲೇ.

ಯಾರಾದರೂ ತಾವಾಗಿ ಯೇಸುವಿನ ಬಗ್ಗೆ ಕೇಳಿದರೆ ಜೊತೆಗೆ ಕೂತು ಓದುವುದು ಒಳ್ಳೆಯದು. ಮತ್ತಾಯನ ಮೊದಲ ಅಧ್ಯಾಯದಿಂದ ಶುರು ಮಾಡಿದರೆ ವಂಶಾವಳಿಯಲ್ಲೇ ಸುಸ್ತಾಗುತ್ತಾರೆ. ನನ್ನ ಕ್ರಮ: ಮಾರ್ಕ 4:35ರಿಂದ ಬಿರುಗಾಳಿ, ಲೂಕ 7:36ರಿಂದ ಸೀಮೋನನ ಮನೆಯ ಊಟ, ಲೂಕ 15ರ ಇಬ್ಬರು ಮಕ್ಕಳು, ಲೂಕ 19ರ ಜಕ್ಕಾಯ, ಕೊನೆಗೆ ಲೂಕ 23 ಮತ್ತು 24. ವಾರಕ್ಕೊಂದು ಭಾಗ, ಅರ್ಧ ಗಂಟೆ. ಓದುವುದು ಅವರು. ಕೇಳುವ ಪ್ರಶ್ನೆ ಮೂರು: ಇಲ್ಲಿ ಏನು ನಡೆಯಿತು? ಯೇಸು ಎಂಥವರು ಅನ್ನಿಸುತ್ತದೆ? ನಿಮಗೆ ಒಪ್ಪಿಗೆಯಾಗದ್ದು ಯಾವುದು? ಮೂರನೆಯದನ್ನು ಬಿಟ್ಟರೆ ಅವರು ಸೌಜನ್ಯಕ್ಕೆ ತಲೆ ಆಡಿಸುತ್ತಾರಷ್ಟೇ. ಉತ್ತರ ಬಾರದಿದ್ದರೆ “ಮುಂದಿನ ವಾರ ಓದಿಕೊಂಡು ಬರುತ್ತೇನೆ” ಎನ್ನಿ, ಓದಿಕೊಂಡೇ ಬನ್ನಿ. 1 ಪೇತ್ರ 3:15 ಉತ್ತರಕ್ಕೆ ಸಿದ್ಧರಾಗಿರಿ ಎನ್ನುತ್ತದೆ, ಸಾತ್ವಿಕತ್ವದಿಂದ ಹೇಳಿ ಎಂದೂ ಅದೇ ವಚನ ಹೇಳುತ್ತದೆ.

ಕೆಡುವುದು ಎಲ್ಲಿ? ಅವರ ದೇವರ ಬಗ್ಗೆ ಹಗುರವಾಗಿ ಮಾತಾಡಿದ ಕ್ಷಣದಲ್ಲಿ. ಅಲ್ಲಿಗೆ ಬಾಗಿಲು ಮುಚ್ಚಿತು, ಮುಚ್ಚಿದವರು ನಾವೇ. ಕಚೇರಿಯಲ್ಲಿ ಕೈಕೆಳಗಿನವರ ಹತ್ತಿರ ನಾನು ಈ ಮಾತು ಎತ್ತುವುದಿಲ್ಲ, ಏಕೆಂದರೆ ಅವರು ಬೇಡ ಅನ್ನಲಾರರು. ತಂದೆತಾಯಿಗೆ ತಿಳಿಯದೆ ಮಕ್ಕಳ ಹತ್ತಿರವೂ ಇಲ್ಲ. ವಾಟ್ಸ್ಯಾಪಿನಲ್ಲಿ ದಿನಾ ಬೆಳಿಗ್ಗೆ ವಚನ ಕಳಿಸುವುದನ್ನು ಸಾಕ್ಷಿ ಅಂದುಕೊಳ್ಳಬೇಡಿ, ಅದನ್ನು ಯಾರೂ ತೆರೆದು ನೋಡುವುದಿಲ್ಲ. ಕ್ರಿಸ್ಮಸ್‌ಗೆ ಕರ್ಜಿಕಾಯಿ, ಚಕ್ಕುಲಿ ಹಂಚುವಾಗ ತಟ್ಟೆಯಲ್ಲಿ ಕರಪತ್ರ ಇಡಬೇಡಿ. ತಿಂಡಿ ತಿಂಡಿಯಾಗಿಯೇ ಹೋಗಲಿ. ದೀಪಾವಳಿಗೆ ಅವರು ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳಿ. ಪೂಜೆಯ ಪ್ರಸಾದ ಎಂದೇ ಹೇಳಿ ಕೊಟ್ಟರೆ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥ 10:27-28 ಓದಿಕೊಂಡು, ಮನಸ್ಸಾಕ್ಷಿ ಒಪ್ಪದಿದ್ದರೆ ಕೈ ಮುಗಿದು “ತಪ್ಪು ತಿಳೀಬೇಡಿ” ಎಂದು ಮೆತ್ತಗೆ ಹೇಳಿ.

ಹಣ, ಔಷಧಿ, ಶಾಲೆಯ ಫೀ ಹೀಗೆ ಸಹಾಯ ಕೇಳಿ ಬಂದವರಿಗೆ ಸಹಾಯವನ್ನಷ್ಟೇ ಮಾಡಿ. ಆ ದಿನ ಸುವಾರ್ತೆಯ ಮಾತು ಬೇಡ. ಇದು ಕಾನೂನಿಗೆ ಮೊದಲು ಸತ್ಯದ ಪ್ರಶ್ನೆ: ಸಾಲದ ಭಾರ ಹೊತ್ತವರ “ಹೂಂ” ನಂಬಿಕೆಯಲ್ಲ. ಕಾನೂನೂ ತಿಳಿದಿರಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ನೌಕರಿ, ಉಚಿತ ಶಿಕ್ಷಣ, ಮದುವೆಯ ಭರವಸೆ ಇವನ್ನಷ್ಟೇ ಅಲ್ಲ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ಚಿತ್ರಿಸುವುದನ್ನೂ ಆಮಿಷದಲ್ಲಿ ಸೇರಿಸಿದೆ. ಮತಾಂತರವಾಗುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ 30 ದಿನ ಮೊದಲೇ ತಿಳಿಸಬೇಕೆಂದೂ ಅದರಲ್ಲಿದೆ. ಅದನ್ನು ಹಿಂಪಡೆಯಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತ್ತು. ಆದ್ದರಿಂದ ಯಾರಾದರೂ ಕ್ರೈಸ್ತರಾಗುವ ದೀಕ್ಷಾಸ್ನಾನದ ಮಾತೆತ್ತಿದರೆ ಅವಸರ ಮಾಡಬೇಡಿ. ಮನೆಯವರಿಗೆ ಅವರ ಬಾಯಿಂದಲೇ ವಿಷಯ ಗೊತ್ತಾಗಲಿ, ಅಯ್ಯನವರ ಹತ್ತಿರ ಕರೆದುಕೊಂಡು ಹೋಗಿ, ಕಾಯ್ದೆ ಈಗ ಯಾವ ಹಂತದಲ್ಲಿದೆ ಎಂದು ವಕೀಲರೊಬ್ಬರನ್ನು ಕೇಳಿಯೇ ದಿನ ಗೊತ್ತು ಮಾಡಿ.