ಸ್ವಿಚ್ ಒತ್ತಿದರೆ ತಿಳಿಯಾಗುವ ಕಿಟಕಿ: ಅಂಟಿಸುವಾಗ ನೀರು ಮುಟ್ಟಿಸಬೇಡಿ

ಕೊಡಗಿನ ನಾಪೋಕ್ಲು ಕಡೆ ನೆಂಟರೊಬ್ಬರ ಹೋಂಸ್ಟೇ ಇದೆ. ಜನವರಿಯಲ್ಲಿ ನಾಲ್ಕು ಕಿಟಕಿಗೆ ಸ್ಮಾರ್ಟ್ ಫಿಲ್ಮ್ ಹಾಕಿಸಿದರು. ಸ್ವಿಚ್ ಹಾಕಿದರೆ ಕಾಫಿ ತೋಟ ಕಾಣುತ್ತದೆ, ಆರಿಸಿದರೆ ಗಾಜು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬಂದವರೆಲ್ಲ ಒತ್ತಿ ಒತ್ತಿ ನೋಡಿದ್ದೇ ನೋಡಿದ್ದು. ಆಗಸ್ಟ್ ಹೊತ್ತಿಗೆ ಕೆಳಗಿನ ಅಂಚಿನ ಎರಡು ಬೆರಳಗಲ ಜಾಗ ಸ್ವಿಚ್ಚಿಗೆ ಜಗ್ಗಲೇ ಇಲ್ಲ. ತಪ್ಪು ಫಿಲ್ಮಿನದಲ್ಲ, ಅಂಟಿಸಿದ ರೀತಿಯದು. ಆಮೇಲೆ ಇನ್ನೂ ಮೂರು ಮನೆಯಲ್ಲಿ ಇದೇ ಕತೆ ಕಂಡೆ.

ಎರಡು ಪ್ಲಾಸ್ಟಿಕ್ ಹಾಳೆ, ಒಳಮೈಗೆ ಕರೆಂಟ್ ಹರಿಯುವ ಪಾರದರ್ಶಕ ಲೇಪ, ನಡುವೆ ದ್ರವ ಹರಳಿನ (ಲಿಕ್ವಿಡ್ ಕ್ರಿಸ್ಟಲ್) ಸಣ್ಣ ಹನಿಗಳು. ಇಷ್ಟೇ ಫಿಲ್ಮ್. ಕರೆಂಟ್ ಕೊಟ್ಟಾಗ ಹನಿಯೊಳಗಿನ ಕಣಗಳು ಸಾಲಾಗಿ ನಿಲ್ಲುತ್ತವೆ, ಬೆಳಕು ನೇರ ಬರುತ್ತದೆ. ಕರೆಂಟ್ ಹೋದರೆ ದಿಕ್ಕಾಪಾಲು, ಬೆಳಕು ಚೆದುರಿ ಗಾಜು ಬೆಳ್ಳಗೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಲೈನ್ ಇಲ್ಲದಿದ್ದರೆ ಕಿಟಕಿಯೂ ಎರಡು ದಿನ ಬೆಳ್ಳಗೇ ಇರುತ್ತದೆ. ಇದು ಗೊತ್ತಿದ್ದೇ ಕೊಳ್ಳಿ.

‘ಸೆಕೆ ತಡೆಯುತ್ತದೆ, ಬಿಲ್ ಉಳಿಯುತ್ತದೆ’ ಎಂದು ಮಾರುವವರು ಹೇಳುವ ಮಾತನ್ನು ಅರ್ಧ ಮಾತ್ರ ನಂಬಿ. ಈ ಫಿಲ್ಮ್ ಬೆಳಕನ್ನು ಚೆದುರಿಸುತ್ತದೆ, ಬಿಸಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಬಿಸಿ ತಡೆಯಬೇಕಾದರೆ ಟಂಗ್‌ಸ್ಟನ್ ಆಕ್ಸೈಡ್ ಲೇಪದ ಎಲೆಕ್ಟ್ರೋಕ್ರೋಮಿಕ್ ಗಾಜು ಬೇಕು. ಅದು ಕೆಲವೇ ವೋಲ್ಟಿಗೆ ನಿಧಾನವಾಗಿ ನೀಲಿಯಾಗುತ್ತದೆ, ಬಣ್ಣ ಬದಲಾಗುವಾಗ ಬಿಟ್ಟರೆ ಕರೆಂಟ್ ಹೆಚ್ಚುಕಡಿಮೆ ಬೇಡವೇ ಬೇಡ. ಆದರೆ ಹಳೇ ಗಾಜಿಗೆ ಅಂಟಿಸಲಾಗದು, ಕಿಟಕಿಯ ಗಾಜನ್ನೇ ಬದಲಿಸಬೇಕು. ದಿನವಿಡೀ ಎಸಿ ಓಡುವ ದೊಡ್ಡ ಕಟ್ಟಡಕ್ಕೆ ಸರಿ. ಫ್ಯಾನೇ ಅಪರೂಪವಾದ ಮಡಿಕೇರಿ ಮನೆಗೆ ಯಾಕೆ? ಫಿಲ್ಮಿನ ಖರ್ಚು ಕಮ್ಮಿಯೇ: ಚದರ ಮೀಟರಿಗೆ ಸುಮಾರು 4 ವ್ಯಾಟ್ ಹಿಡಿದರೆ, 1.5 ಚದರ ಮೀಟರಿನ ಕಿಟಕಿ ದಿನಕ್ಕೆ 12 ಗಂಟೆ ತಿಳಿಯಾಗಿದ್ದರೂ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ.

ಮೊದಲು ಅಳತೆ. ಗಾಜನ್ನು ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ, ಸುತ್ತ 3 ಮಿ.ಮೀ. ಬಿಡಿ. ಮಳೆಗೆ ಮರದ ಚೌಕಟ್ಟು ಉಬ್ಬುತ್ತದೆ, ಫಿಲ್ಮಿನ ಅಂಚು ಅದಕ್ಕೆ ತಾಗಬಾರದು. ಹೂವಿನ ಡಿಸೈನಿನ ತರಿ ಗಾಜಿಗೆ ಇದು ಕೂರುವುದೇ ಇಲ್ಲ. ಫಿಲ್ಮಿಗೆ ಕರೆಂಟ್ ಕೊಡುವ ತಾಮ್ರದ ಪಟ್ಟಿ, ವೈರ್ ಎಲ್ಲ ಕಾರ್ಖಾನೆಯಲ್ಲೇ ಹಾಕಿಸಿ ತರಿಸಿ. ರೋಲ್ ತಂದು ಮನೆಯಲ್ಲಿ ಕತ್ತರಿಸಿ ಬೆಸುಗೆ ಹಾಕುವ ಸಾಹಸ ಬೇಡ. ಆರ್ಡರ್ ಕೊಡುವಾಗ ‘ಪಟ್ಟಿ ಮೇಲಂಚಿಗೆ ಬರಲಿ’ ಎಂದು ಬರೆದೇ ಕೊಡಿ. ಚಳಿಗಾಲದ ಬೆಳಗ್ಗೆ ನಮ್ಮ ಗಾಜಿನ ಒಳಮೈಯಲ್ಲಿ ಬೆವರಿಳಿದು ನೀರು ನಿಲ್ಲುವುದು ಕೆಳಗೇ ಅಲ್ವಾ?

ಬಂದ ಫಿಲ್ಮನ್ನು ಮೇಜಿನ ಮೇಲೆ ಹಾಸಿ, ಅದರದೇ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ನೋಡಿ. ನೇರ 230 ವೋಲ್ಟ್ ಕೊಟ್ಟರೆ ಅಲ್ಲಿಗೆ ಮುಗಿಯಿತು. ಟ್ರಾನ್ಸ್‌ಫಾರ್ಮರ್ ಇಳಿಸಿ ಕೊಡುವ 60 ವೋಲ್ಟಿನಷ್ಟು ಕರೆಂಟೂ ಷಾಕ್ ಹೊಡೆಯುತ್ತದೆ, ಪಟ್ಟಿ ಮುಟ್ಟಬೇಡಿ.

ಈಗ ಎಲ್ಲರೂ ಎಡವುವ ಜಾಗ. ‘ಕಾರಿಗೆ ಸನ್ ಫಿಲ್ಮ್ ಹಾಕೋದೂ ಹೀಗೇ ಅಲ್ವಾ ಅಣ್ಣಾ’ ಅಂತ ಕೆಲಸದ ಹುಡುಗ ಸೋಪು ನೀರಿನ ಬಾಟಲಿ ತೆಗೆದರೆ ಅಲ್ಲೇ ಕೈ ಹಿಡಿಯಿರಿ. ಇದನ್ನು ಒಣಗಿದ ಗಾಜಿಗೇ ಅಂಟಿಸಬೇಕು. ಅಂಚಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ನೆಂಟರ ಕಿಟಕಿ ಕೆಟ್ಟಿದ್ದು ಹೀಗೇ. ಜನವರಿ, ಫೆಬ್ರವರಿಯ ಬಿಸಿಲಿನ ಮಧ್ಯಾಹ್ನ ಆರಿಸಿಕೊಳ್ಳಿ. ಗಾಜಿನ ಮೇಲಿನ ಪೇಂಟಿನ ಚುಕ್ಕಿಗಳನ್ನು ಬ್ಲೇಡಿನಿಂದ ಹೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಫ್ಯಾನ್ ಆಫ್ ಇರಲಿ. ಇಬ್ಬರು ಬೇಕು. ಅಂಟಿನ ಕಡೆಯ ಹೊದಿಕೆ ಹಾಳೆಯನ್ನು ಮೇಲಿನಿಂದ ಒಂದು ಗೇಣು ಮಾತ್ರ ಸುಲಿದು, ಮೇಲಂಚು ನೇರ ಕೂರಿಸಿ. ಒಬ್ಬರು ಕೆಳಗಿನಿಂದ ಹಾಳೆ ಎಳೆಯುತ್ತಾ ಹೋಗಲಿ, ಇನ್ನೊಬ್ಬರು ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಇಳಿಯಲಿ. ಸೊಟ್ಟಗಾದರೆ ಮೊದಲ ಗೇಣಿನಲ್ಲೇ ಸರಿಪಡಿಸಿ. ಆಮೇಲೆ ಕಿತ್ತರೆ ಮಡಿಕೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಸಣ್ಣ ಗಾಳಿ ಗುಳ್ಳೆಗೆ ಸೂಜಿ ಚುಚ್ಚಬೇಡಿ.

ಕೊನೆಗೆ, ನೀರು ಒಳಗೆ ಹೋಗದಂತೆ ಅಂಚಿಗೆ ಸಿಲಿಕೋನ್ ಅಂಟು. ಅಗ್ಗದ ಟ್ಯೂಬ್ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ಅದು ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್’ ಎಂದು ಬರೆದದ್ದನ್ನೇ ಕೇಳಿ, ಬಿಟ್ಟ 3 ಮಿ.ಮೀ. ಜಾಗವನ್ನು ನಾಲ್ಕೂ ಕಡೆ ತುಂಬಿ, ಒಂದು ದಿನ ಒಣಗಿಸಿ, ಆಮೇಲೆ ಸ್ವಿಚ್. ಟ್ರಾನ್ಸ್‌ಫಾರ್ಮರ್ ಮಳೆ ಎರಚಲು ಬರದ ಕಡೆ, ಎತ್ತರದಲ್ಲಿ ಇರಲಿ.

ಒರೆಸಲು ಬರೀ ಹಿಂಡಿದ ಬಟ್ಟೆ ಸಾಕು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಟಿವಿ ಪ್ಲಗ್ ಕೀಳುವಾಗ ಇದರದ್ದನ್ನೂ ಕಿತ್ತುಬಿಡಿ.