ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟುವ ಕ್ರಮ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಪಿಎಫ್ ಹಣ ತೆಗೆಯುವುದಕ್ಕೆ ಹೇರಿದ್ದ ಹೊಸ ನಿರ್ಬಂಧವನ್ನು ವಿರೋಧಿಸಿ ಹೊಸೂರು ರಸ್ತೆಗಿಳಿದರು. ಪ್ರತಿಭಟನೆಯ ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಸರ್ಕಾರದ ಒಂದು ಆದೇಶವನ್ನು ಬೀದಿಯಲ್ಲಿ ಹೀಗೆ ಮಣಿಸಬಹುದು. ಆದರೆ ಗಂಟೆಗಂಟೆಯ ಟಾರ್ಗೆಟ್, ಓಟಿ (ನಿಗದಿತ ಅವಧಿ ಮೀರಿದ ದುಡಿಮೆ) ಲೆಕ್ಕ, ಸೂಪರ್‌ವೈಸರ್‌ನ ಬೈಗುಳ ಇವೆಲ್ಲ ದಿನನಿತ್ಯದ ಸಂಗತಿಗಳಾದ್ದರಿಂದ, ಅವುಗಳನ್ನು ದಿನನಿತ್ಯ ಪ್ರಶ್ನಿಸುವ ಸಂಘವೊಂದು ಕಾರ್ಖಾನೆಯೊಳಗೇ ಇರಬೇಕು.

ಮೊದಲ ಮಾತುಕತೆಗಳನ್ನು ಗೇಟಿನ ಹೊರಗೆ, ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ನಡೆಸುವುದು ಕ್ಷೇಮ. ಟೈಲರುಗಳಷ್ಟೇ ಸೇರಿದರೆ ಸಾಲದು. ಕಟಿಂಗ್, ಫಿನಿಶಿಂಗ್, ಪ್ಯಾಕಿಂಗ್ ವಿಭಾಗಗಳಿಂದಲೂ ಹೆಲ್ಪರುಗಳಿಂದಲೂ ಒಬ್ಬೊಬ್ಬರು ಬರಲಿ. ಹೊರರಾಜ್ಯಗಳಿಂದ ಬಂದು ಹಾಸ್ಟೆಲುಗಳಲ್ಲಿರುವ ಹುಡುಗಿಯರನ್ನು ಭಾಷೆ ಬಾರದೆಂಬ ಕಾರಣಕ್ಕೆ ಬಿಟ್ಟರೆ, ಆಡಳಿತವು ಅದೇ ಬಿರುಕನ್ನು ಬಳಸಿಕೊಳ್ಳುತ್ತದೆ.

ನೋಂದಣಿ ಜನ ಭಾವಿಸುವಷ್ಟು ಕಷ್ಟವಲ್ಲ. ಹಿಂದೆ 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನಡೆಯುತ್ತಿದ್ದ ಈ ಕೆಲಸವು 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ವ್ಯಾಪ್ತಿಗೆ ಬಂದಿದೆ. ಕನಿಷ್ಠ ಏಳು ಸದಸ್ಯರು ಅರ್ಜಿಗೆ ಸಹಿ ಹಾಕಬೇಕು. ಜೊತೆಗೆ ಕಾರ್ಖಾನೆಯ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಸಂಘದ ನಿಯಮಾವಳಿ, ಪದಾಧಿಕಾರಿಗಳ ವಿವರ ಮತ್ತು ಅರ್ಜಿಯನ್ನು ಕಾರ್ಮಿಕ ಇಲಾಖೆಯ ನೋಂದಣಾಧಿಕಾರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ಚಂದಾಕ್ಕೆ ರಸೀದಿ, ಸಭೆಗೆ ನಡಾವಳಿ ಪುಸ್ತಕ ಮೊದಲ ದಿನದಿಂದಲೇ ಇರಲಿ. ಹಣದ ವಿಷಯದ ಅನುಮಾನ ಸಂಘವನ್ನು ಆಡಳಿತಕ್ಕಿಂತ ಬೇಗ ಒಡೆಯುತ್ತದೆ.

ಮೊದಲ ಬೇಡಿಕೆ ಯಾವುದಾಗಿರಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೊಸ ಸಂಘಗಳು ಸಾಮಾನ್ಯವಾಗಿ ಸಂಬಳ ಏರಿಕೆಯಿಂದ ಆರಂಭಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ಅವಸರ. ಕಾನೂನು ಈಗಾಗಲೇ ಕೊಟ್ಟಿರುವುದನ್ನು ಮೊದಲು ಕೇಳಿ. ಓಟಿಗೆ ದುಪ್ಪಟ್ಟು ವೇತನ ಕೊಡಬೇಕೆಂಬುದು ಕಾನೂನು. ಒಂದು ಬ್ಯಾಚಿನ ಎಲ್ಲರೂ ತಾವು ಹೊರಬಿದ್ದ ಸಮಯವನ್ನು ಪ್ರತಿದಿನ ಬರೆದಿಟ್ಟುಕೊಂಡು, ತಿಂಗಳ ಕೊನೆಗೆ ಪೇ ಸ್ಲಿಪ್ಪಿನ ಪಕ್ಕದಲ್ಲಿಟ್ಟರೆ, ಎಚ್‌ಆರ್ ಅಧಿಕಾರಿಗೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಬೈಗುಳದ ದೂರನ್ನೂ ಹೀಗೆಯೇ ದಾಖಲಿಸಬೇಕು. ಪೀಸು ಕಡಿಮೆಯಾಯಿತೆಂದು ಇಡೀ ಲೈನಿನ ಎದುರು “ಏನೇ, ಮನೆಗೆ ಹೋಗ್ತೀಯಾ?” ಎಂದು ಕೂಗಿದಾಗ ಒಬ್ಬಳೇ ದೂರು ಕೊಟ್ಟರೆ ಅವಳನ್ನು ಬೇರೆ ಲೈನಿಗೆ ಹಾಕಿ ಮುಗಿಸುತ್ತಾರೆ. ಅದೇ ಮಾತು ದಿನಾಂಕ, ಸಮಯ, ಸಾಕ್ಷಿಗಳ ಸಹಿಯೊಂದಿಗೆ ಸಂಘದ ಪತ್ರದಲ್ಲಿ ಬಂದಾಗ ಆಡಳಿತ ಲಿಖಿತ ಉತ್ತರ ಕೊಡಬೇಕಾದ ಒತ್ತಡಕ್ಕೆ ಸಿಲುಕುತ್ತದೆ, ಸೂಪರ್‌ವೈಸರ್ ಕೂಡ ನಾಲಗೆ ಬಿಗಿಹಿಡಿಯಲು ಕಲಿಯುತ್ತಾನೆ. ಅವನ ಮೇಲೂ ಪ್ರೊಡಕ್ಷನ್ ಒತ್ತಡವಿರುತ್ತದೆ ಎಂಬುದು ನಿಜ. ಆದ್ದರಿಂದ ವ್ಯಕ್ತಿಯ ಮೇಲಿನ ಕ್ರಮದ ಜೊತೆಗೆ ಟಾರ್ಗೆಟ್ ನಿಗದಿಯ ವಿಧಾನವನ್ನೂ ಚರ್ಚೆಗೆ ತರಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವೆಡೆ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ. ಅದರಲ್ಲಿ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಲೈಂಗಿಕ ಕಿರುಕುಳದ ದೂರು ಮಾತ್ರ ಇದಕ್ಕಲ್ಲ, 2013ರ ಕಾಯ್ದೆಯಡಿಯ ಆಂತರಿಕ ಸಮಿತಿಗೆ ಹೋಗಬೇಕು.

ನೋಂದಣಿಯಾದ ಮಾತ್ರಕ್ಕೆ ಮಾತುಕತೆಯ ಹಕ್ಕು ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಹಾಜರಿ ಪಟ್ಟಿಯ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಮಾತುಕತೆ ಸಂಘವಾಗುತ್ತದೆ. ಆಡಳಿತದ ಕೃಪೆಯಲ್ಲಿ ಹುಟ್ಟುವ ಎರಡನೆಯ ಸಂಘದ ಬಗ್ಗೆ ಎಚ್ಚರವಿರಲಿ.

ಮುಷ್ಕರಕ್ಕೆ ಇಳಿಯುವ ಮುನ್ನ ನೋಟಿಸ್ ಕೊಟ್ಟು 14 ದಿನ ಕಾಯಬೇಕು. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಒಂದೇ ದಿನ ಸಾಮೂಹಿಕವಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಪರಿಗಣಿಸಲಾಗುತ್ತದೆ. “ನಾಳೆ ಎಲ್ಲರೂ ರಜೆ ಹಾಕೋಣ” ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಹಂಚುವ ಮೊದಲು ಪದಾಧಿಕಾರಿಗಳು ಇದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕು.