ಮರುವಾಯಿ, ರಕ್ತ ಮತ್ತು ನಾನು ಮಾಡಿದ ಎಡವಟ್ಟು

ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು ನಾನು. ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದ 272 ಜನರಿಗೆ ವಾಂತಿಭೇದಿಯಾಗಿ 20 ಮಂದಿ ತೀರಿಕೊಂಡರಲ್ಲ, ಆಗ ಸಿಕ್ಕಿಬಿದ್ದದ್ದು ಇದೇ. ನಮ್ಮ ಮೂಲ್ಕಿ ಅಳಿವೆಯ ಮರುವಾಯಿಯಲ್ಲೂ (ತಿನ್ನುವ ಚಿಪ್ಪುಮೀನು) ಇದೆಯಾ ಅಂತ ಹುಡುಕಲು ಹೊರಟೆವು.

ಇತ್ತು, ಬೇಕಾದಷ್ಟು. ಉಪ್ಪು ಹಾಕಿದ ಪೆಪ್ಟೋನ್ ನೀರಲ್ಲಿ (ಬ್ಯಾಕ್ಟೀರಿಯಾಕ್ಕೆ ಊಟ) ಒಂದು ರಾತ್ರಿ ಬೆಳೆಸಿ, ವಿಬ್ರಿಯೋಗಳನ್ನು ಆರಿಸಿ ಬೆಳೆಸುವ ಟಿಸಿಬಿಎಸ್ ಪ್ಲೇಟಿಗೆ ಎಳೆದರೆ ಬೆಳಗ್ಗೆ ಹಸಿರು ಚುಕ್ಕೆಗಳು. ಕಾಲರಾದ್ದು ಹಳದಿ ಬರುತ್ತದೆ. ಹಸಿರು ಬಂದದ್ದೆಲ್ಲ ಇದೇ ಅಂತಲ್ಲ, ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡೆವು.

ಮುಂದೆ ವಾಗತ್ಸುಮ ಅಗಾರ್, ಅಂದರೆ ಇದು ರಕ್ತಕಣ ಒಡೆಯುತ್ತದಾ ಅಂತ ನೋಡುವ ಪ್ಲೇಟ್. ಮೂರು ಸಲ ತೊಳೆದ ಕೆಂಪು ರಕ್ತಕಣ, ಜಾಸ್ತಿ ಉಪ್ಪು. ಬ್ಯಾಕ್ಟೀರಿಯಾ ಟಿಡಿಎಚ್ ಅನ್ನೋ ವಿಷ ಬಿಟ್ಟರೆ ಸುತ್ತ ಕೆಂಪು ಕರಗಿ ತಿಳಿ ಉಂಗುರ ಬರಬೇಕು. ಬರಲೇ ಇಲ್ಲ. ರಕ್ತ ಹಳತಾಯಿತು, ಪಿಎಚ್ ತಪ್ಪಿತು ಅಂತ ಎರಡು ತಿಂಗಳು ಅದನ್ನೇ ಮಾಡಿ ಮಾಡಿ ಸುಸ್ತಾದೆವು. ರೋಗಿಯಿಂದ ತೆಗೆದ, ವಿಷ ಬಿಡುತ್ತದೆ ಅಂತ ಗೊತ್ತಿರುವ ಸ್ಟ್ರೈನ್ (ತಳಿ) ಕೈಗೆ ಬರುವ ಮೊದಲೇ, ಹೋಲಿಸಿ ನೋಡಲು ಕಂಟ್ರೋಲ್ ಇಲ್ಲದೆ, ಸುಮ್ನೆ ಶುರು ಮಾಡೋಣ ಅಂದವಳು ನಾನೇ! ಅದು ಬಂದ ಮೇಲೆ ಅದೇ ಪ್ಲೇಟಿನ ಒಂದು ಮೂಲೆಗೆ ಹಾಕಿದೆವು. ಮರುದಿನ ಸ್ಪಷ್ಟ ಉಂಗುರ. ಪ್ಲೇಟ್ ಸರಿಯೇ ಇತ್ತು, ನಮ್ಮ ಮರುವಾಯಿಯವಕ್ಕೆ ಆ ವಿಷದ ಜೀನೇ ಇರಲಿಲ್ಲ. ಪರಿಸರದಲ್ಲಿ ಸಿಗುವ ಹೆಚ್ಚಿನವುಗಳ ಕತೆ ಇಷ್ಟೇ. ಹಾಗಂತ ಅರೆಬೆಂದ ಮರುವಾಯಿ ತಿನ್ನಬೇಡಿ, ಸುಕ್ಕ ಚೆನ್ನಾಗಿ ಬೇಯಲಿ.

ಟಿಡಿಎಚ್ ಮಾತ್ರ ಮಜಾ ಪ್ರೋಟೀನ್. ನಾಲ್ಕು ಸೇರಿ ಜೀವಕೋಶದ ಪೊರೆಯಲ್ಲಿ ತೂತು ಮಾಡುತ್ತವೆ. ರೋಗಿಯ ಸ್ಟ್ರೈನಿನಿಂದ ಅದನ್ನು ಸ್ವಲ್ಪ ಶುದ್ಧ ಮಾಡಿ, 60 ಡಿಗ್ರಿಗೆ ಕಾಯಿಸಿ ರಕ್ತಕಣಕ್ಕೆ ಹಾಕಿದರೆ ಕಣಗಳು ಕರಗದೆ ಟ್ಯೂಬಿನ ತಳದಲ್ಲಿ ಗುಂಡಿಯಂತೆ ಕೂತವು. ಕುದಿಸಿ ತಣಿಸಿದ ವಿಷ ಹಾಕಿದ ಟ್ಯೂಬ್ ನೋಡಿದರೆ ಪೂರ್ತಿ ತಿಳಿ ಕೆಂಪು, ಕಣಗಳೆಲ್ಲ ಕರಗಿದ್ದವು! ಲೇಬಲ್ ಅದಲುಬದಲು ಮಾಡಿದ್ದೀಯ ಅಂತ ಲ್ಯಾಬಿನ ಹುಡುಗನಿಗೆ ಬೈದೆ. ಅವನು ಮಾತಾಡದೆ ಮತ್ತೆ ಮಾಡಿದ, ಮತ್ತೆ ಅದೇ. ಆಮೇಲೆ ಓದಿದರೆ ಇದಕ್ಕೆ ಅರ್ಹೀನಿಯಸ್ ಪರಿಣಾಮ ಅಂತ ಹೆಸರೇ ಇದೆ: 60ರ ಹತ್ತಿರ ಪ್ರೋಟೀನ್ ನಾರುನಾರಾಗಿ ಸಿಕ್ಕುಬೀಳುತ್ತದೆ, ಇನ್ನೂ ಕಾಯಿಸಿದರೆ ಸಿಕ್ಕು ಬಿಡುತ್ತದೆ, ಬೇಗ ತಣಿಸಿದರೆ ಮತ್ತೆ ತನ್ನ ಮೊದಲ ರೂಪಕ್ಕೆ ಮಡಚಿಕೊಳ್ಳುತ್ತದೆ.

ಹುಡುಗನಿಗೆ ಸಾರಿ ಹೇಳಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. ಈಗಲೂ ಅವನು ಪ್ರತಿ ಟ್ಯೂಬಿಗೆ ಮುಚ್ಚಳದ ಮೇಲೊಂದು, ಪಕ್ಕಕ್ಕೊಂದು ಲೇಬಲ್ ಬರೆಯುತ್ತಾನೆ, ನನಗೆ ಕಾಣುವ ಹಾಗೆ.